ಮೂಳೆಗಡ್ಡೆಯ ನೋವು: ಯಾವಾಗ ನೋಯುತ್ತದೆ, ಮೊದಲು ಅದನ್ನು ಹೇಳಿ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಮೂಳೆಯಲ್ಲಿ ಗಡ್ಡೆ ಇದೆ, ನೋವು ತಡೆಯೋಕೆ ಆಗುತ್ತಿಲ್ಲ, ದೊಡ್ಡ ಆಪರೇಷನ್ ಇಲ್ಲದೆ ಏನಾದರೂ ದಾರಿ ಇದೆಯಾ? ಬಹಳಷ್ಟು ಸಲ ಇದೆ. ಆದರೆ ಎಲ್ಲರಿಗೂ ಒಂದೇ ದಾರಿ ಅಲ್ಲ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ.

ಪ್ರಶ್ನೆ: ಮಗನಿಗೆ 14 ವರ್ಷ. ಎಂಟು ತಿಂಗಳಿಂದ ಬಲ ತೊಡೆ ನೋವು. ಹಗಲು ಆಡಿಕೊಂಡೇ ಇರುತ್ತಾನೆ, ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾನೆ. ನೋವಿನ ಮಾತ್ರೆ ಕೊಟ್ಟರೆ ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುತ್ತಾನೆ. ಮೊದಲು ಬೆಳೆಯೋ ನೋವು ಅಂದರು. ಈಗ ಸಿಟಿ ಸ್ಕ್ಯಾನ್ ಮಾಡಿಸಿ ‘ಆಸ್ಟಿಯಾಯ್ಡ್ ಆಸ್ಟಿಯೋಮಾ’ ಅನ್ನುತ್ತಿದ್ದಾರೆ. ಸೂಜಿ ಹಾಕಿ ಸುಡಬೇಕಂತೆ. ಇದು ಕ್ಯಾನ್ಸರಾ? ಸುಡೋದು ಅಂದರೆ ಕೇಳಿದರೇ ಭಯ ಆಗುತ್ತದೆ.

ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. 1935ರಲ್ಲಿ ಹೆನ್ರಿ ಜಾಫೆ ಎಂಬ ವೈದ್ಯರು ಇದನ್ನು ಬೇರೆಯದೇ ಕಾಯಿಲೆ ಎಂದು ಗುರುತಿಸಿ ಬರೆದರು. ಹತ್ತರಿಂದ ಇಪ್ಪತ್ತೈದರ ಒಳಗಿನವರಲ್ಲಿ, ಅದರಲ್ಲೂ ಹುಡುಗರಲ್ಲಿ ಜಾಸ್ತಿ. ತೊಡೆಮೂಳೆ, ಕಣಕಾಲಿನ ಮೂಳೆ ಇದರ ಇಷ್ಟದ ಜಾಗಗಳು.

ನೀವು ಬರೆದ ಎರಡು ಸಾಲಿನಲ್ಲೇ ಕಾಯಿಲೆಯ ಗುರುತು ಇದೆ. ರಾತ್ರಿ ಜಾಸ್ತಿ ಆಗುವ ನೋವು, ಒಂದು ಮಾತ್ರೆಗೆ ಮಾಯ ಆಗುವ ನೋವು. ಗಡ್ಡೆಯ ನಡುವೆ ಅಂಗಿ ಗುಂಡಿಯಷ್ಟು ಅಗಲದ, ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದಾದ ಒಂದು ಗೂಡು ಇರುತ್ತದೆ. ಅದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಒಂದೇ ಸಮನೆ ಉಗುಳುತ್ತಿರುತ್ತದೆ. ನೋವು ಹುಟ್ಟುವುದು ಅದರಿಂದಲೇ. ಐಬುಪ್ರೊಫೆನ್ ತರಹದ ಮಾತ್ರೆಗಳು ತಡೆಯುವುದೂ ಅದನ್ನೇ, ಹಾಗಾಗಿ ಮಾತ್ರೆ ಅಷ್ಟು ಚೆನ್ನಾಗಿ ಹಿಡಿಯುತ್ತದೆ. ಅಂದ ಹಾಗೆ, ಮಕ್ಕಳಿಗೆ ಆಸ್ಪಿರಿನ್ ಮಾತ್ರ ನೀವಾಗಿಯೇ ಕೊಡಬೇಡಿ.

ಬೆಳೆಯೋ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಜಾಗ ಬದಲಿಸುತ್ತದೆ, ಕೆಲವು ದಿನ ಬರುವುದೇ ಇಲ್ಲ. ಒಂದೇ ಕಾಲು, ಒಂದೇ ಜಾಗ, ದಿನಾ ರಾತ್ರಿ ಅಂದರೆ ಚಿತ್ರ ತೆಗೆಸಲೇಬೇಕು. ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆಯೂ ಇದೆ. ಹಿಂದೊಮ್ಮೆ ಒಬ್ಬ ಹುಡುಗಿ ಮಂಡಿ ತೋರಿಸಿ ನೋವು ಅಂದಳು. ಮಂಡಿಯ ಎಕ್ಸ್‌ರೇ ತೆಗೆಸಿದೆ, ಏನೂ ಇರಲಿಲ್ಲ, ಸುಮ್ನೆ ಸಮಾಧಾನ ಹೇಳಿ ಕಳಿಸಿದೆ. ಗೂಡು ಇದ್ದದ್ದು ಸೊಂಟದ ಕೀಲಿನ ಹತ್ತಿರ. ಅಲ್ಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ ಅಂತ ಪಾಠದಲ್ಲಿ ಓದಿದ್ದೆ, ಆದರೂ ನಾಲ್ಕು ತಿಂಗಳು ತಡ ಮಾಡಿದೆ.

ಇನ್ನು ಸುಡುವ ವಿಷಯ. ಮೊದಲೆಲ್ಲ ಆಪರೇಷನ್ ಮಾಡಿ ಮೂಳೆಯ ತುಂಡನ್ನೇ ಕೆತ್ತಿ ತೆಗೆಯುತ್ತಿದ್ದರು. ಗೂಡು ಅಷ್ಟು ಚಿಕ್ಕದು, ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಮೂಳೆ ಹೋಗುತ್ತಿತ್ತು. ಆಮೇಲೆ ವಾರಗಟ್ಟಲೆ ಊರುಗೋಲು. 1992ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೇನಿಯಲ್ ರೋಸೆಂಥಾಲ್ ಮತ್ತು ಜೊತೆಗಾರರು ಸೂಜಿಯಿಂದಲೇ ಗೂಡನ್ನು ಸುಟ್ಟ ವರದಿ ಪ್ರಕಟಿಸಿದರು. ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್ ಅನ್ನುವುದು ಇದಕ್ಕೇ. ಈಗ ಹೆಚ್ಚಿನ ಕಡೆ ಮೊದಲ ಆಯ್ಕೆ ಇದೇ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಭಯ ಕಡಿಮೆ ಆಗಬಹುದು. ಹುಡುಗನಿಗೆ ಪೂರ್ತಿ ಅರಿವಳಿಕೆ ಕೊಟ್ಟು ಸಿಟಿ ಮೇಜಿನ ಮೇಲೆ ಮಲಗಿಸುತ್ತಾರೆ. ಚರ್ಮದಲ್ಲಿ ಮೂರ್ನಾಲ್ಕು ಮಿಲಿಮೀಟರಿನ ಗೀರು, ಅಷ್ಟೇ. ಅಲ್ಲಿಂದ ಸಣ್ಣ ಡ್ರಿಲ್ ಸೂಜಿ ಮೂಳೆಯೊಳಗೆ ಇಳಿಯುತ್ತದೆ, ಸ್ವಲ್ಪ ಇಳಿಸಿ ಸ್ಕ್ಯಾನ್, ಮತ್ತೆ ಸ್ವಲ್ಪ ಇಳಿಸಿ ಸ್ಕ್ಯಾನ್. ಅರಿವಳಿಕೆ ಯಾಕೆ ಬೇಕು ಅನ್ನುವುದು ಗೂಡಿಗೆ ಸೂಜಿ ತಾಗಿದ ಕ್ಷಣದಲ್ಲಿ ಗೊತ್ತಾಗುತ್ತದೆ. ಮಗು ಗಾಢ ನಿದ್ದೆಯಲ್ಲಿದ್ದರೂ ಎಷ್ಟೋ ಸಲ ಎದೆಬಡಿತ ಸರ್ರನೆ ಏರುತ್ತದೆ, ಉಸಿರು ಜೋರಾಗುತ್ತದೆ. ಮಾನಿಟರ್ ಬೀಪ್ ಬೀಪ್ ಅನ್ನುವುದು ಕೇಳಿದರೆ ಸರಿಯಾದ ಜಾಗಕ್ಕೇ ಬಂದಿದ್ದೇವೆ ಅಂತ ನಮಗೂ ಗೊತ್ತಾಗುತ್ತದೆ. ಆಮೇಲೆ ಸೂಜಿಯ ತುದಿಯನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಆರು ನಿಮಿಷದಷ್ಟು ಹೊತ್ತು ಹಿಡಿಯುತ್ತಾರೆ. ಸುಡುವುದು ತುದಿಯ ಸುತ್ತ ಒಂದು ಗೋಲಿಯಷ್ಟು ಜಾಗ ಮಾತ್ರ, ಕಾಲೆಲ್ಲ ಅಲ್ಲ. ಮುಗಿದ ಮೇಲೆ ಒಂದು ಪಟ್ಟಿ ಅಂಟಿಸುತ್ತಾರೆ, ಹೊಲಿಗೆ ಬೇಕಾಗುವುದು ಅಪರೂಪ. ಅವತ್ತೇ ಅಥವಾ ಮಾರನೇ ದಿನ ಮನೆ.

ಒಂದೆರಡು ದಿನ ಸೂಜಿ ಹೋದ ಜಾಗ ನೋಯುತ್ತದೆ. ಆದರೆ ಅದು ಬೇರೆ ನೋವು, ಮಕ್ಕಳೇ ಹೇಳುತ್ತಾರೆ. ಹಳೇ ರಾತ್ರಿನೋವು ಬಹುತೇಕರಿಗೆ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ. ನಡೆದಾಡಬಹುದು. ಓಟ, ಜಿಗಿತ ಮಾತ್ರ ವೈದ್ಯರು ಹೇಳುವವರೆಗೆ ಬೇಡ, ಕೆಲವರಿಗೆ ಮೂರು ತಿಂಗಳವರೆಗೂ ಬೇಡ ಅನ್ನುತ್ತಾರೆ, ಯಾಕೆಂದರೆ ತೂತು ಬಿದ್ದ ಮೂಳೆ ಗಟ್ಟಿಯಾಗಬೇಕು. ಹತ್ತರಲ್ಲಿ ಒಂಬತ್ತು ಜನರಿಗೆ ಒಂದೇ ಸಲಕ್ಕೆ ಸರಿಹೋಗುತ್ತದೆ. ಮರುಕಳಿಸಿದರೆ ಇನ್ನೊಂದು ಸಲ ಮಾಡಬಹುದು. ಗೂಡು ನರಕ್ಕೆ ತೀರಾ ಹತ್ತಿರ ಇದ್ದರೆ, ಅಥವಾ ಕಣಕಾಲಿನ ಮುಂಭಾಗದ ಹಾಗೆ ಚರ್ಮದ ಅಡಿಯಲ್ಲೇ ಇದ್ದರೆ ಸುಟ್ಟಗಾಯದ ಅಪಾಯ ಇರುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ. ಏನೂ ಮಾಡದೆ ಮಾತ್ರೆಯಲ್ಲೇ ವರ್ಷಗಟ್ಟಲೆ ಕಾದರೆ ತಾನಾಗಿ ಆರುವುದೂ ಉಂಟು. ಆದರೆ ಅಷ್ಟು ವರ್ಷ ಮಾತ್ರೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಏನಾಗಬೇಕು? ನಾನಾಗಿದ್ದರೆ ಕಾಯುತ್ತಿರಲಿಲ್ಲ.

ಪ್ರಶ್ನೆ: ಅಪ್ಪನಿಗೆ 68. ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿದೆ. ಆರು ತಿಂಗಳ ಹಿಂದೆ ರೇಡಿಯೇಶನ್ ಕೊಟ್ಟರು, ಕಡಿಮೆ ಆಗಿತ್ತು. ಈಗ ಅದೇ ಜಾಗದಲ್ಲಿ ಮತ್ತೆ ಶುರುವಾಗಿದೆ. ‘ಇನ್ನೇನೂ ಮಾಡೋಕೆ ಆಗಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ’ ಅಂದರು. ನಿಜವಾಗಲೂ ಏನೂ ಇಲ್ವಾ?

‘ಇನ್ನೇನೂ ಮಾಡೋಕೆ ಆಗಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕ್ಯಾನ್ಸರನ್ನು ಬೇರುಸಮೇತ ಕೀಳೋಕೆ ಆಗದೇ ಇರಬಹುದು. ನೋವಿನ ಲೆಕ್ಕವೇ ಬೇರೆ.

ಅಪ್ಪನನ್ನು ಒಂದು ಪ್ರಶ್ನೆ ಕೇಳಿ: ಯಾವಾಗ ನೋಯುತ್ತದೆ? ಸುಮ್ಮನೆ ಮಲಗಿದ್ದಾಗಲೂ ಒಳಗಿಂದ ಕೊರೆಯುವ ಹಾಗೆ, ರಾತ್ರಿ ಜಾಸ್ತಿ ಅಂದರೆ ಗಡ್ಡೆಯೇ ಕೆರಳಿಸುತ್ತಿದೆ ಅಂತ ಅರ್ಥ. ಮಲಗಿದ್ದಾಗ ಪರವಾಗಿಲ್ಲ, ಎದ್ದು ನಿಂತರೆ, ಕಾಲು ಊರಿದರೆ, ಮಗ್ಗಲು ಬದಲಿಸಿದರೆ ಚುಚ್ಚುತ್ತದೆ ಅಂದರೆ ಮೂಳೆ ಟೊಳ್ಳಾಗಿದೆ, ಭಾರ ತಡೆಯುತ್ತಿಲ್ಲ. ಮೊದಲನೆಯದಕ್ಕೆ ಗಡ್ಡೆಯನ್ನು ಸುಡಬೇಕು ಅಥವಾ ಹೆಪ್ಪುಗಟ್ಟಿಸಬೇಕು. ಎರಡನೆಯದಕ್ಕೆ ಮೂಳೆಗೆ ಊರೆ ಕೊಡಬೇಕು. ಎಷ್ಟೋ ಜನರಿಗೆ ಎರಡೂ ಇರುತ್ತದೆ, ಆಗ ಒಂದೇ ಸಲ ಎರಡನ್ನೂ ಮಾಡುತ್ತಾರೆ: ಮೊದಲು ಸುಡುವುದು, ಅದೇ ದಾರಿಯಲ್ಲಿ ಸಿಮೆಂಟ್ ತುಂಬುವುದು.

ಪ್ರಾಸ್ಟೇಟಿನಿಂದ ಬಂದ ಗಡ್ಡೆ ಸಾಮಾನ್ಯವಾಗಿ ಮೂಳೆಯನ್ನು ಕರಗಿಸುವ ಬದಲು ಕಲ್ಲಿನ ಹಾಗೆ ಗಟ್ಟಿ ಮಾಡುತ್ತದೆ. ಗಟ್ಟಿ ಮೂಳೆಯಲ್ಲಿ ರೇಡಿಯೋಫ್ರೀಕ್ವೆನ್ಸಿಯ ಕರೆಂಟು ಸರಿಯಾಗಿ ಹರಡುವುದಿಲ್ಲ. ಅಂಥ ಕಡೆ ಕ್ರಯೋಅಬ್ಲೇಶನ್, ಅಂದರೆ ಹೆಪ್ಪುಗಟ್ಟಿಸುವ ವಿಧಾನ ನನಗೆ ಹೆಚ್ಚು ಇಷ್ಟ. ಸೂಜಿಯೊಳಗೆ ಆರ್ಗಾನ್ ಅನಿಲವನ್ನು ಒತ್ತಡದಲ್ಲಿ ಬಿಡುತ್ತಾರೆ. ಸಣ್ಣ ರಂಧ್ರದಿಂದ ನುಗ್ಗಿ ಹಿಗ್ಗುವಾಗ ಅದು ಎಷ್ಟು ತಣ್ಣಗಾಗುತ್ತದೆ ಅಂದರೆ ಸೂಜಿಯ ತುದಿ ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ ಹೋಗುತ್ತದೆ. ಸುತ್ತ ಮಂಜಿನ ಉಂಡೆ ಕಟ್ಟುತ್ತದೆ. ಹತ್ತು ನಿಮಿಷ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹತ್ತು ನಿಮಿಷ ಹೆಪ್ಪುಗಟ್ಟಿಸುವುದು ರೂಢಿ. ಕರಗುವಾಗಲೂ ಕೋಶಗಳು ಒಡೆದು ಸಾಯುತ್ತವೆ. ಈ ವಿಧಾನದ ದೊಡ್ಡ ಗುಣ ಏನು ಗೊತ್ತಾ? ಆ ಉಂಡೆ ಬೆಳೆಯುವುದು ಸಿಟಿ ಪರದೆಯ ಮೇಲೆ ಕಣ್ಣಿಗೆ ಕಾಣುತ್ತದೆ, ಬೂದು ಮಾಂಸದ ನಡುವೆ ಕಪ್ಪಗೆ, ದುಂಡಗೆ. ನರದ ಕಡೆಗೆ ಅಂಚು ಸರಿಯುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಶಾಖಕ್ಕೆ ಆ ಅಂಚು ಕಾಣುವುದಿಲ್ಲ. ಹೆಪ್ಪುಗಟ್ಟಿಸುವಾಗ ಮತ್ತು ಆಮೇಲೆ ನೋವೂ ಕಡಿಮೆ.

ಇಡೀ ಗಡ್ಡೆಯನ್ನು ಕೊಲ್ಲಲೇಬೇಕು ಅಂತೇನೂ ಇಲ್ಲ. ಮೂಳೆಯ ಮೇಲೆ ಸುತ್ತಿಕೊಂಡ ತೆಳು ಹೊದಿಕೆಯಲ್ಲಿ ನೋವಿನ ನರಗಳು ದಟ್ಟವಾಗಿರುತ್ತವೆ. ಗಡ್ಡೆ ಆ ಹೊದಿಕೆಯನ್ನು ಮುಟ್ಟುವ ಅಂಚನ್ನು ಹಿಡಿದರೆ ಅರ್ಧ ಕೆಲಸ ಆಯಿತು. ಪರಿಣಾಮ ಕೆಲವರಿಗೆ ಎರಡು ಮೂರು ದಿನದಲ್ಲಿ, ಕೆಲವರಿಗೆ ಎರಡು ಮೂರು ವಾರದಲ್ಲಿ. ಮೊದಲ ಕೆಲವು ದಿನ ಸಣ್ಣ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ. ಜ್ವರ ಏರುತ್ತಾ ಹೋದರೆ ಫೋನ್ ಮಾಡಿ.

ಆದರೆ ಒಂದು ಷರತ್ತು ಇದೆ. ನೋವು ಬೆರಳಿಟ್ಟು ತೋರಿಸುವ ಹಾಗೆ ಒಂದೆರಡು ಜಾಗದಲ್ಲಿ ಇರಬೇಕು, ಆ ಜಾಗ ಸ್ಕ್ಯಾನಿನ ಜಾಗಕ್ಕೆ ಹೊಂದಬೇಕು. ಇಪ್ಪತ್ತು ಕಡೆ ನೋವಿದ್ದರೆ ಇಪ್ಪತ್ತು ಸೂಜಿ ಹಾಕೋಕೆ ಆಗಲ್ಲ, ಆಗ ಇಡೀ ಮೈಗೆ ಹೋಗುವ ಔಷಧಿಯೇ ಸರಿ. ಇನ್ನೊಂದು ಮಾತು, ರೇಡಿಯೇಶನ್ನನ್ನು ಅದೇ ಜಾಗಕ್ಕೆ ಎರಡನೇ ಸಲ ಕೊಡುವುದೂ ಎಷ್ಟೋ ಜನರಿಗೆ ಸಾಧ್ಯ. ಅದನ್ನೂ ಕೇಳಿ ನೋಡಿ. ಸೂಜಿಯೇ ಬೇಕು ಅಂತ ಹಟ ಬೇಡ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್ ಇತ್ತು. ಈಗ ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿದೆ, ಮಗ್ಗಲು ಬದಲಿಸುವಾಗ ಕಿರುಚುತ್ತಾರೆ. ಸಿಮೆಂಟ್ ತುಂಬುತ್ತೇವೆ ಅಂದಿದ್ದಾರೆ. ಎಂಥ ಸಿಮೆಂಟು? ಉದುರಿ ಹೋಗಲ್ವಾ?

ಮನೆ ಕಟ್ಟುವ ಸಿಮೆಂಟ್ ಅಲ್ಲ ಬಿಡಿ. ಇದು ಒಂದು ಬಗೆಯ ಅಕ್ರಿಲಿಕ್. ಕೃತಕ ಕೀಲು ಕೂರಿಸುವಾಗ ಬಳಸುವ ವಸ್ತುವೇ. ಎಕ್ಸ್‌ರೇಯಲ್ಲಿ ಕಾಣಲಿ ಅಂತ ಬೇರಿಯಂ ಬೆರೆಸಿರುತ್ತಾರೆ. 1984ರಲ್ಲಿ ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ಗಲಿಬೇರ್ ಮತ್ತು ದೆರಾಮೊಂ ಎಂಬ ವೈದ್ಯರು ಕುತ್ತಿಗೆಯ ಎರಡನೇ ಮೂಳೆಯಲ್ಲಿದ್ದ ರಕ್ತನಾಳದ ಗಡ್ಡೆಗೆ ಮೊದಲ ಸಲ ಹೀಗೆ ಸಿಮೆಂಟ್ ತುಂಬಿದರು. ವರ್ಟೆಬ್ರೊಪ್ಲಾಸ್ಟಿ, ಅಂದರೆ ಬೆನ್ನುಮೂಳೆಗೆ ಸಿಮೆಂಟ್ ತುಂಬುವ ಈ ವಿಧಾನ, ಹುಟ್ಟಿದ್ದು ಮುಪ್ಪಿನಲ್ಲಿ ಮುರಿಯುವ ಮೂಳೆಗಲ್ಲ, ಗಡ್ಡೆಗೇ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಪುಡಿಗೆ ದ್ರವ ಸೇರಿಸಿ ಕಲಸಿದಾಗ ಅದು ಮೊದಲು ನೀರು ನೀರು. ಆಗ ತುಂಬಿದರೆ ರಕ್ತನಾಳಕ್ಕೆ ಹರಿದು ಹೋಗುತ್ತದೆ. ಟೂತ್‌ಪೇಸ್ಟಿನ ಹದಕ್ಕೆ ಬರುವವರೆಗೆ ಕಾಯಬೇಕು, ತೀರಾ ಕಾದರೆ ಸೂಜಿಯಲ್ಲೇ ಕಲ್ಲಾಗುತ್ತದೆ. ಕೈಗವಸಿನ ಬೆರಳಿಗೆ ಒಂದು ಹನಿ ಹಚ್ಚಿ ಎಳೆದು ನೋಡುತ್ತಾ ನಿಂತಿರುತ್ತೇವೆ, ಆ ಎರಡು ಮೂರು ನಿಮಿಷ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಆಮೇಲೆ ಎಕ್ಸ್‌ರೇ ಪರದೆ ನೋಡುತ್ತಾ ಹನಿ ಹನಿಯಾಗಿ ಒತ್ತುವುದು. ಕೆಲವೇ ಮಿಲಿಲೀಟರ್ ಸಾಕು. ಮೊದಲು ಬಲೂನು ಉಬ್ಬಿಸಿ ಜಾಗ ಮಾಡಿಕೊಂಡು ತುಂಬಿದರೆ ಅದು ಕೈಫೊಪ್ಲಾಸ್ಟಿ. ಅರ್ಧ ಗಂಟೆಯೊಳಗೆ ಗಟ್ಟಿಯಾಗುತ್ತದೆ, ಉದುರುವ ಮಾತೇ ಇಲ್ಲ. ಕೆಲವು ಗಂಟೆ ಮಲಗಿಸಿ ಆಮೇಲೆ ಎಬ್ಬಿಸಿ ಕೂರಿಸುತ್ತಾರೆ. ನಿಮ್ಮ ಅಮ್ಮನದು ಮಗ್ಗಲು ಬದಲಿಸಿದಾಗಿನ ನೋವು, ಅಂದರೆ ಸಿಮೆಂಟಿಗೆ ಚೆನ್ನಾಗಿ ಬಗ್ಗುವ ನೋವು.

ಅಪಾಯ ಇಲ್ಲ ಅಂತ ಹೇಳಲ್ಲ. ಸಿಮೆಂಟ್ ಸ್ವಲ್ಪ ಹೊರಗೆ ಸೋರುವುದು ಸಾಮಾನ್ಯ, ಬಹಳಷ್ಟು ಸಲ ಅದರಿಂದ ತೊಂದರೆ ಆಗುವುದಿಲ್ಲ. ಆದರೆ ಬೆನ್ನುಹುರಿಯ ಕಡೆಗೆ ಸೋರಿದರೆ ಅಥವಾ ರಕ್ತದಲ್ಲಿ ಶ್ವಾಸಕೋಶಕ್ಕೆ ಹೋದರೆ ಗಂಭೀರ. ಬಿಲ್ಲೆಯ ಹಿಂಗೋಡೆ ಒಡೆದಿದೆಯಾ ಅಂತ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಕಾಲಿನಲ್ಲಿ ಬಲ ಕಡಿಮೆ ಆದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಗೊತ್ತಾಗದೆ ಮಲ ಮೂತ್ರ ಹೋದರೆ ಸಿಮೆಂಟಿನ ದಿನಾಂಕಕ್ಕೆ ಕಾಯಬೇಡಿ. ಅದು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ. ಅದೇ ಗಂಟೆ ಆಸ್ಪತ್ರೆಗೆ ಹೊರಡಬೇಕು. ಬೆಳಿಗ್ಗೆ ನೋಡೋಣ ಅಂದುಕೊಂಡು ಮಲಗಿದವರಲ್ಲಿ ಕೆಲವರು ಮತ್ತೆ ನಡೆಯಲೇ ಇಲ್ಲ.

ಪ್ರಶ್ನೆ: ಗಡ್ಡೆಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ?

ಎಲ್ಲರೂ ಹೇಳುತ್ತಾರೆ, ಹೌದು. ಬೇರೆ ಕಡೆಯಿಂದ ಮೂಳೆಗೆ ಬಂದಿರುವ ಕ್ಯಾನ್ಸರಿನಲ್ಲಿ ಸೂಜಿಯಿಂದ ಹರಡುವುದು ತೀರಾ ಅಪರೂಪ, ಆ ಭಯಕ್ಕೆ ನೋವು ತಿನ್ನುತ್ತಾ ಕೂರಬೇಡಿ. ಆದರೆ ಮೂಳೆಯಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮಾದಂಥ ಕ್ಯಾನ್ಸರಿನ ಕಥೆ ಬೇರೆ. ಅಲ್ಲಿ ಸೂಜಿ ಹೋದ ದಾರಿಯನ್ನೂ ಮುಂದೆ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆಯಬೇಕಾಗಬಹುದು. ಹಾಗಾಗಿ ಆಪರೇಷನ್ ಮಾಡುವವರೇ ದಾರಿ ಗೊತ್ತುಮಾಡಬೇಕು. ಯಾವ ಗಡ್ಡೆ ಅಂತ ಗೊತ್ತಾಗದೆ ಯಾರಾದರೂ ಸುಡೋಣ ಅಂದರೆ ಎದ್ದು ಬನ್ನಿ.

ಪ್ರಶ್ನೆ: ನನಗೆ ತೊಡೆಮೂಳೆಯಲ್ಲಿ ಗಡ್ಡೆ ಇದೆ, ಕಿಡ್ನಿ ಕ್ಯಾನ್ಸರಿನಿಂದ ಬಂದದ್ದು. ನಡೆದಾಗ ನೋವು. ಬೆನ್ನಿಗೆ ತುಂಬುವ ಹಾಗೆ ಇಲ್ಲಿಗೂ ಸಿಮೆಂಟ್ ತುಂಬಿಸಿಕೊಂಡರೆ ಸಾಕಲ್ವಾ? ರಾಡು ಹಾಕಬೇಕು ಅನ್ನುತ್ತಾರೆ, ನನಗೆ ಆಪರೇಷನ್ ಬೇಡ.

ಸಾಕಾಗಲ್ಲ. ನಿಮಗೆ ಬೇಸರ ಆದರೂ ನೇರವಾಗಿ ಹೇಳುತ್ತೇನೆ. ಬೆನ್ನಿನ ಬಿಲ್ಲೆಯ ಮೇಲೆ ಬೀಳುವುದು ಮೇಲಿನಿಂದ ಕೆಳಗಿನ ಒತ್ತಡ, ಸಿಮೆಂಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ತೊಡೆಮೂಳೆ ಪ್ರತಿ ಹೆಜ್ಜೆಗೂ ಬಾಗುತ್ತದೆ, ತಿರುಚುತ್ತದೆ. ತಿರುಚಿದರೆ ಸಿಮೆಂಟ್ ಸೀಮೆಸುಣ್ಣದ ಹಾಗೆ ಪಟ್ ಅನ್ನುತ್ತದೆ. ಮುರಿಯುವ ಸಂಭವ ಎಷ್ಟು ಅಂತ ನೋಡಲು 1989ರಿಂದ ಮೈರಲ್ಸ್ ಅಂಕ ಅಂತ ಒಂದು ಲೆಕ್ಕ ಬಳಕೆಯಲ್ಲಿದೆ: ಯಾವ ಜಾಗ, ಎಷ್ಟು ನೋವು, ಗಡ್ಡೆ ಮೂಳೆಯನ್ನು ಕರಗಿಸಿದೆಯೋ ಗಟ್ಟಿ ಮಾಡಿದೆಯೋ, ಮೂಳೆಯ ಅಗಲದಲ್ಲಿ ಎಷ್ಟು ಪಾಲು ತಿಂದಿದೆ. ಹನ್ನೆರಡಕ್ಕೆ ಒಂಬತ್ತು ಬಂದರೆ ಮುರಿಯುವ ಮೊದಲೇ ರಾಡು ಹಾಕುವುದು ಒಳ್ಳೆಯದು ಅನ್ನುತ್ತಾರೆ. ಕಾಲೂರಿದಾಗ ನೋಯುವುದಕ್ಕೇ ಅದರಲ್ಲಿ ಮೂರು ಅಂಕ, ಅಂದರೆ ಆ ಸಾಲಿನಲ್ಲಿ ನೀವು ಆಗಲೇ ಪೂರ್ತಿ ಅಂಕ ತೆಗೆದುಕೊಂಡಿದ್ದೀರಿ. ಮುರಿಯುವ ಮೊದಲು ಹಾಕಿದರೆ ಸಣ್ಣ ಗಾಯ, ಬೇಗ ಓಡಾಟ. ಮುರಿದ ಮೇಲೆ ಹಾಕುವುದು ದೊಡ್ಡ ರಾಮಾಯಣ.

ಕಿಡ್ನಿಯಿಂದ ಬಂದ ಗಡ್ಡೆಗಳಲ್ಲಿ ರಕ್ತ ಜಾಸ್ತಿ. ಹಾಗಾಗಿ ರಾಡು ಹಾಕುವ ಮುನ್ನ ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳು ನಳಿಗೆ ಕಳಿಸಿ ಗಡ್ಡೆಯ ರಕ್ತದ ಹಾದಿಯನ್ನು ಮುಚ್ಚುವುದುಂಟು. ಎಂಬೊಲೈಸೇಶನ್ ಅನ್ನುತ್ತಾರೆ. ಒಂದೊಂದು ಸಲ ಅಷ್ಟಕ್ಕೇ ನೋವು ಇಳಿಯುತ್ತದೆ. ಅದನ್ನು ನಂಬಿಕೊಂಡು ರಾಡು ಬೇಡ ಅನ್ನಬೇಡಿ. ನಿರ್ಧಾರ ಆಗುವವರೆಗೆ ಊರುಗೋಲಿಲ್ಲದೆ ನಡೆಯಬೇಡಿ.

ಪ್ರಶ್ನೆ: ಸೂಜಿಯೂ ಇಲ್ಲದೆ ಬರೀ ಶಬ್ದದ ಅಲೆಯಿಂದ ಸುಡುತ್ತಾರಂತೆ, ನಿಜವಾ?

ನಿಜ. ಭೂತಗನ್ನಡಿಯಿಂದ ಬಿಸಿಲನ್ನು ಒಂದು ಚುಕ್ಕೆಗೆ ತಂದು ಕಾಗದ ಸುಟ್ಟಿದ್ದೀರಲ್ಲ, ಹಾಗೆಯೇ ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಚುಕ್ಕೆಗೆ ತರುವುದು. ರೋಗಿ ಎಂಆರ್‌ಐ ಯಂತ್ರದೊಳಗೆ ಇರುತ್ತಾನೆ, ಎಷ್ಟು ಬಿಸಿ ಆಗಿದೆ ಅಂತ ಯಂತ್ರವೇ ಆಗಾಗ ಅಳೆದು ತೋರಿಸುತ್ತದೆ. ಮೂಳೆಯ ಮೇಲ್ಮೈ ಈ ಅಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹಾಗಾಗಿ ಶಾಖ ಏಳುವುದು ನೋವಿನ ನರ ಇರುವ ಆ ಹೊದಿಕೆಯಲ್ಲೇ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದರ ಹಿಂದಿನ ಪ್ರಯೋಗದಲ್ಲಿ ಮೂರು ತಿಂಗಳ ಹೊತ್ತಿಗೆ 64 ಶೇಕಡಾ ಜನರಿಗೆ ಗುಣ ಕಂಡಿತ್ತು. ಯಂತ್ರ ಚಾಲೂ ಮಾಡಿದ ಹಾಗೆ ನಟಿಸಿದ ಗುಂಪಿನಲ್ಲಿ 20 ಶೇಕಡಾ.

ತೊಡಕುಗಳೂ ಇವೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಅಲುಗದೆ ಮಲಗಬೇಕು, ನೋವಿರುವವರಿಗೆ ಅದೇ ಕಷ್ಟ. ಪ್ರತಿ ಅಲೆಗೂ ಚುರುಕ್ ಅನ್ನುತ್ತದೆ, ಹಾಗಾಗಿ ಮಂಪರಿನ ಮದ್ದು ಬೇಕು. ಬೆನ್ನುಹುರಿಯ ಪಕ್ಕದಲ್ಲಿ, ಕರುಳಿನ ಹಿಂದೆ ಬಳಸೋಕೆ ಆಗಲ್ಲ. ಯಂತ್ರ ಇರುವ ಜಾಗಗಳೂ ಕಡಿಮೆ. ಹತ್ತಿರದಲ್ಲಿ ಒಳ್ಳೆಯ ಸೂಜಿ ಕೆಲಸಗಾರರಿದ್ದರೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಗಂಡನಿಗೆ ಮುಂದಿನ ವಾರ ಅಬ್ಲೇಶನ್ ಮತ್ತು ಸಿಮೆಂಟ್. ಈಗ ದಿನಕ್ಕೆ ನಾಲ್ಕು ಸಲ ಮಾರ್ಫಿನ್ ತೆಗೆದುಕೊಳ್ಳುತ್ತಾರೆ. ಮುಗಿದ ಕೂಡಲೇ ನಿಲ್ಲಿಸಿಬಿಡಬಹುದಾ?

ಕೂಡಲೇ ಬೇಡ. ವಾರಗಟ್ಟಲೆ ತೆಗೆದುಕೊಂಡ ಮಾರ್ಫಿನ್ ಥಟ್ಟನೆ ನಿಂತರೆ ಬೆವರು, ನಡುಕ, ಭೇದಿ, ಹೊಟ್ಟೆ ಹಿಂಡುವುದು ಎಲ್ಲ ಬರುತ್ತದೆ. ಹಂತ ಹಂತವಾಗಿ ಇಳಿಸಬೇಕು.

ಆದರೆ ಯಾರೂ ಹೇಳದ ಇನ್ನೊಂದು ಮಗ್ಗುಲು ಇದೆ. ಚಿಕಿತ್ಸೆ ಚೆನ್ನಾಗಿ ಹಿಡಿದು ನೋವು ಸರ್ರನೆ ಇಳಿದರೆ ನಿನ್ನೆಯವರೆಗೆ ಸರಿಯಾಗಿದ್ದ ಪ್ರಮಾಣ ಇವತ್ತು ಜಾಸ್ತಿ ಆಗಿಬಿಡುತ್ತದೆ. ನೋವು ಅವರನ್ನು ಎಚ್ಚರ ಇಟ್ಟಿರುತ್ತಿತ್ತು, ಈಗ ಅದು ಇಲ್ಲ. ‘ಪಾಪ, ಎಷ್ಟು ದಿನಕ್ಕೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ’ ಅಂತ ಮನೆಯವರು ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಹೋಗಬೇಡಿ. ಪಕ್ಕದಲ್ಲಿ ಕೂತು ಉಸಿರು ಎಣಿಸಿ. ಕರೆದರೆ ಕಣ್ಣು ಬಿಟ್ಟು ಮಾತಾಡುತ್ತಾರಾ ನೋಡಿ. ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಇದ್ದರೆ, ಅಲುಗಿಸಿದರೂ ಸರಿಯಾಗಿ ಏಳದಿದ್ದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ದಿನ ಎಷ್ಟು ಇಳಿಸಬೇಕು, ನೋವು ಮತ್ತೆ ಬಂದರೆ ಎಷ್ಟು ಕೊಡಬೇಕು ಅನ್ನುವುದನ್ನು ಆಸ್ಪತ್ರೆ ಬಿಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ, ಡಾಕ್ಟರು ಅವಸರದಲ್ಲಿದ್ದರೂ ಬಿಡಬೇಡಿ.